ಆಕಾಶದ ಹೇನು

ಫ್ರೆಂಚ್ ಭಾಷೆಯಲ್ಲಿ ‘ಪೂ’ ಎಂದರೆ ಹೇನು. ಹಳಗನ್ನಡ ಓದಿದವರಿಗೆ ‘ಪೂ’ ಎಂದೊಡನೆ ಹೂವಿನ ನೆನಪಾಗುವುದು ಸಹಜ. ಏನು ಮಾಡುವುದು, ಭಾಷೆ ಭಾಷೆಗಳ ನಡುವೆ ಇಂಥ ತಮಾಷೆಗಳು ಉಂಟು. ೧೯೩೩ರಲ್ಲಿ ಫ್ರಾನ್ಸಿನ ಒಬ್ಬ ಗೃಹಸ್ಥನು ಮರ, ಬಟ್ಟೆ, ತಂತಿಗಳನ್ನು ಕೂಡಿಸಿ ತನ್ನ ಕೈಯಾರೆ ಮಾಡಿಕೊಂಡ ಪುಟ್ಟ ವಿಮಾನಕ್ಕೆ ‘ಪೂ ದ್ಯು ಸಿಯೆಲ್’ ಎಂದು ಹೆಸರಿಟ್ಟನು. ಆಕಾಶದ ಹೇನು ಎಂದು ಅದರ ಅರ್ಥ. ಹುಟ್ಟಿದ ಮಗುವಿಗೆ ದೃಷ್ಟಿಯಾಗದಿರಲೆಂದು ನಮ್ಮ ಹಿರಿಯರು ‘ತಿಪ್ಪ’, ‘ಗುಂಡ’ ಎಂದು ಕರೆಯುತ್ತಿದ್ದ ಹಾಗೆ ಇದೂ ಒಂದು ಮುದ್ದಿನ ಹೆಸರು ಎನ್ನಬಹುದು. ಆದರೆ ಅದಕ್ಕೆ ಬೇರೊಂದು ಕಾರಣವಿತ್ತು. ಫೋರ್ಡ್ ಕಂಪನಿಯ ಅಗ್ಗದ ಮೋಟರು ಕಾರನ್ನು ಫ್ರೆಂಚರು ‘ರಸ್ತೆಯ ಹೇನು’ ಎಂದು ಹಾಸ್ಯ ಮಾಡುತ್ತಿದ್ದರಂತೆ. ನೋಟಕ್ಕೆ ಸೊಗಸಿಲ್ಲ, ಗಾತ್ರದಲ್ಲಿ ಸಣ್ಣದು, ಆದರೆ ಎಲ್ಲಿ ನೋಡಿದರೂ ಅದೇ. ರಸ್ತೆಗೆ ಫೋರ್ಡ್ ಹೇಗೋ ಆಕಾಶಕ್ಕೆ ತನ್ನ ವಿಮಾನ ಹಾಗಾಗಬೇಕು ಎಂಬುದು ಈತನ ಆಸೆ.

ಇಂಗ್ಲಿಷರು ಈ ಹೆಸರನ್ನು ತಮ್ಮ ಭಾಷೆಗೆ ತಂದಾಗ ಹೇನು ಹೋಗಿ ಚಿಗಟವಾಯಿತು: ‘ಫ್ಲೈಯಿಂಗ್ ಫ್ಲೀ’. ಹೇನೆಂಬ ಮಾತನ್ನು ದಿವಾನಖಾನೆಯಲ್ಲಿ ಆಡಲು ಅವರಿಗೆ ಸಂಕೋಚವಾಯಿತೋ ಏನೋ. ಆದರೆ ಆ ಹೆಸರೂ ತಕ್ಕದ್ದೇ ಆಯಿತು. ಏಕೆಂದರೆ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲಿ ತಯಾರಾದ ಈ ವಿಮಾನಗಳಲ್ಲಿ ಅನೇಕವು ನಿಜವಾಗಿ ಹಾರಲೇ ಇಲ್ಲ, ಮೈದಾನದಲ್ಲಿ ಚಿಗಟದಂತೆ ನೆಗೆದು ನೆಗೆದು ಕುಳಿತವು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಕಟ್ಟಿ ಆಕಾಶದಿಂದ ಇಳಿಸುವುದಕ್ಕೆಂದು ರಾಯಲ್ ಎನ್‌ಫೀಲ್ಡ್ ಕಂಪನಿ ಮಾಡಿದ ಹಗುರ ಮೋಟರು ಸೈಕಲ್ಲಿಗೂ ಇದೇ ಹೆಸರು ಅಂಟಿಕೊಂಡಿತು. ಚೆನ್ನೈಯ ಎನ್‌ಫೀಲ್ಡಿನವರು ೨೦೨೪ರಲ್ಲಿ ತಮ್ಮ ವಿದ್ಯುತ್ ಬೈಕಿಗೆ ಅದೇ ಹೆಸರನ್ನು ಮತ್ತೆ ಇಟ್ಟಿದ್ದಾರೆ. ನಾನು ಹೇಳಹೊರಟಿರುವುದು ಆ ಬೈಕಿನ ಕಥೆಯಲ್ಲ. ಅದಕ್ಕಿಂತ ಮೊದಲಿನ, ರೆಕ್ಕೆಯುಳ್ಳ ಚಿಗಟದ ಕಥೆ.

ಆ ಗೃಹಸ್ಥನ ಹೆಸರು ಹೆನ್ರಿ ಮಿನ್ಯೆ. ಫ್ರೆಂಚರ ಬಾಯಲ್ಲಿ ಹೆನ್ರಿಯ ‘ಹ’ಕಾರ ಬಿದ್ದುಹೋಗಿ ‘ಆಂರಿ’ ಆಗುತ್ತದೆ. ಹುಟ್ಟಿದ್ದು ೧೮೯೩ರಲ್ಲಿ, ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ. ವಿದ್ಯೆಯಿಂದ ರೇಡಿಯೋ ಕೆಲಸ ಬಲ್ಲವನು. ಆದರೆ ಬಾಲ್ಯದಿಂದ ಹತ್ತಿದ ಹುಚ್ಚು ಹಾರಾಟದ್ದು. ಗಾಳಿಯಲ್ಲಿ ತೇಲುವ ರೆಕ್ಕೆಗಳನ್ನು ಕಟ್ಟಿಕೊಂಡು ಗುಡ್ಡದಿಂದ ಹಾರಿ ಹಾರಿ, ಕೊನೆಗೆ ೧೮೯೬ರಲ್ಲಿ ಅದರಲ್ಲೇ ಪ್ರಾಣಬಿಟ್ಟ ಜರ್ಮನಿಯ ಓಟೋ ಲಿಲಿಯೆಂಥಾಲನ ತಮ್ಮ ಗುಸ್ಟಾವ್‌ಗೆ ಈ ಹುಡುಗ ಪತ್ರ ಬರೆದು ಸಲಹೆ ಕೇಳಿದ್ದನು. ಹತ್ತೊಂಬತ್ತರ ವಯಸ್ಸಿಗೆ, ೧೯೧೨ರಲ್ಲಿ, ತನ್ನ ಮೊದಲ ಯಂತ್ರವನ್ನು ಕಟ್ಟಿದನು. ಅದಕ್ಕೆ ತನ್ನ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಎಚ್ಚೆಮ್ ೧’ ಎಂದು ಕರೆದನು. ಅಲ್ಲಿಂದ ಒಂದಾದ ಮೇಲೊಂದು. ಹೇನು ಹುಟ್ಟುವ ವೇಳೆಗೆ ಸಂಖ್ಯೆ ೧೪ಕ್ಕೆ ಬಂದಿತ್ತು ಎಂದರೆ ನಡುವೆ ಎಷ್ಟು ಯಂತ್ರಗಳು ಸೌದೆಯಾದವೆಂದು ವಾಚಕರೇ ಊಹಿಸಬಹುದು. ಅವುಗಳಲ್ಲಿ ಎಂಟನೆಯದು ಮಾತ್ರ ಚೆನ್ನಾಗಿ ಹಾರಿತು. ರೂಢಿಯ ಮಾದರಿಯ ಒಂಟಿ ರೆಕ್ಕೆಯ ಸಣ್ಣ ವಿಮಾನ ಅದು. ಅದನ್ನು ಆತ ಪತ್ರಿಕೆಯಲ್ಲಿ ವಿವರಿಸಿ ಬರೆದಾಗ ಫ್ರಾನ್ಸಿನ ಹಲವು ಮಂದಿ ಹವ್ಯಾಸಿಗಳು ತಾವೂ ಕಟ್ಟಿಕೊಂಡರು.

೧೯೨೮ರಲ್ಲಿ ‘ಲೆಜೆಲ್’ ಎಂಬ ವಿಮಾನ ಪತ್ರಿಕೆಯಲ್ಲಿ ಮಿನ್ಯೆ ಒಂದು ಪ್ರಶ್ನೆ ಎತ್ತಿದನು: ಸಾಮಾನ್ಯ ಮನುಷ್ಯನು ತನ್ನ ವಿಮಾನವನ್ನು ತಾನೇ ಮಾಡಿಕೊಂಡು ಹಾರುವುದು ಸಾಧ್ಯವೇ? ಆ ಕಾಲದಲ್ಲಿ ಇದು ಹುಡುಗಾಟದ ಪ್ರಶ್ನೆಯಾಗಿರಲಿಲ್ಲ. ಹಿಂದಿನ ವರ್ಷವೇ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ದಾಟಿ ಪ್ಯಾರಿಸ್ಸಿನಲ್ಲಿ ಇಳಿದಿದ್ದನು. ಯುರೋಪಿನ ಹುಡುಗರ ಕಣ್ಣೆಲ್ಲ ಆಕಾಶದ ಕಡೆಗೆ. ಆದರೆ ಕೈಯಲ್ಲಿ ಕಾಸಿಲ್ಲ. ಇಂಗ್ಲೆಂಡಿನ ಪ್ರಸಿದ್ಧವಾದ ‘ಮಾತ್’ ವಿಮಾನ ಬಡವರ ವಿಮಾನವೆಂದು ಹೆಸರು ಪಡೆದಿತ್ತು. ಅದರ ಬೆಲೆ ಆರುನೂರು ಪೌಂಡಿನ ಆಸುಪಾಸು! ಕಾರ್ಖಾನೆಯ ಗುಮಾಸ್ತನಿಗೆ ಅದು ಎರಡು ಮೂರು ವರ್ಷಗಳ ಸಂಬಳ. ಮೇಲೆ ಶೆಡ್ಡಿನ ಬಾಡಿಗೆ, ಕಲಿಸುವವರ ಶುಲ್ಕ. ಹಾರಾಟವೆಂಬುದು ಸಾಹುಕಾರರಿಗೂ ಸೈನ್ಯದವರಿಗೂ ಮೀಸಲಾದ ವಿದ್ಯೆಯಾಗಿ ಉಳಿದಿತ್ತು. ಮಿನ್ಯೆಗೆ ಈ ಬೇಲಿಯನ್ನು ಕಂಡರೆ ಆಗದು. ವಿಮಾನಶಾಸ್ತ್ರದ ಪಂಡಿತರನ್ನು ಕಂಡರಂತೂ ಮೊದಲೇ ಆಗದು.

ಅವನ ಜಗಳ ಹಣದ ಜೊತೆಗೆ ಮಾತ್ರವಲ್ಲ, ವಿಮಾನವನ್ನು ನಡೆಸುವ ಕ್ರಮದ ಜೊತೆಗೂ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲವಾದರೆ ಮುಂದಿನ ದುರಂತ ಅರ್ಥವಾಗುವುದಿಲ್ಲ.

ರೂಢಿಯ ವಿಮಾನದಲ್ಲಿ ಚಾಲಕನಿಗೆ ಕೈಗೂ ಕೆಲಸ, ಕಾಲಿಗೂ ಕೆಲಸ. ಮುಂದಿರುವ ಕೋಲನ್ನು ಒತ್ತಿದರೆ ವಿಮಾನದ ಮೂತಿ ಇಳಿಯುತ್ತದೆ, ಎಳೆದರೆ ಏಳುತ್ತದೆ. ಪಕ್ಕಕ್ಕೆ ವಾಲಿಸಿದರೆ ರೆಕ್ಕೆಯ ತುದಿಯಲ್ಲಿರುವ ಸಣ್ಣ ಹಲಗೆಗಳು ತಿರುಗಿ ಇಡೀ ವಿಮಾನ ಆ ಮಗ್ಗುಲಿಗೆ ವಾಲುತ್ತದೆ. ಕಾಲಿನ ಕೆಳಗಿನ ಪೆಡಲುಗಳು ಬಾಲದ ಚುಕ್ಕಾಣಿಯನ್ನು ತಿರುಗಿಸುತ್ತವೆ. ತಿರುವು ತೆಗೆದುಕೊಳ್ಳುವಾಗ ಕೈಯೂ ಕಾಲೂ ಒಂದಕ್ಕೊಂದು ಹೊಂದಿಕೊಂಡು, ಪಕ್ಕವಾದ್ಯ ಹಾಡುಗಾರನನ್ನು ಅನುಸರಿಸುವಂತೆ, ಹದವರಿತು ನಡೆಯಬೇಕು. ಮಿನ್ಯೆಗೆ ಈ ಹದ ಸರಿಯಾಗಿ ಒಲಿಯಲಿಲ್ಲ. ತನಗೆ ಒಲಿಯದ್ದು ನಾಲ್ಕು ಜನಕ್ಕೂ ಒಲಿಯದು ಎಂದು ಅವನು ತೀರ್ಮಾನಿಸಿದನು.

ಹದ ತಪ್ಪಿದರೆ ಏನಾಗುತ್ತದೆ? ಗಾಳಿಪಟ ಹಾರಿಸಿದವರಿಗೆ ಸೂತ್ರ ಕಟ್ಟುವ ಗುಟ್ಟು ಗೊತ್ತು. ಪಟ ಗಾಳಿಗೆ ಓರೆಯಾಗಿ ನಿಂತರೆ ಏರುತ್ತದೆ. ಓರೆ ಮಿತಿಮೀರಿದರೆ ತತ್ತರಿಸಿ ಲಗಾಟ ಹೊಡೆಯುತ್ತದೆ. ವಿಮಾನದ ರೆಕ್ಕೆಯೂ ಹಾಗೆಯೇ. ಗಾಳಿಗೆ ಎದುರಾಗಿ ಅದು ಹಿಡಿದ ಓರೆ ಸುಮಾರು ೧೫ ಡಿಗ್ರಿಯನ್ನು ದಾಟಿತೆಂದರೆ ಗಾಳಿಯ ಪ್ರವಾಹ ರೆಕ್ಕೆಯ ಬೆನ್ನನ್ನು ಬಿಟ್ಟು ಚೆದರುತ್ತದೆ, ಎತ್ತಿ ಹಿಡಿಯುವ ಬಲ ಒಮ್ಮೆಗೇ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ಆ ಗಳಿಗೆಯಲ್ಲಿ ಕಾಲಿನ ಪೆಡಲು ತಪ್ಪಾಗಿ ಒತ್ತಿದ್ದರೆ ಒಂದು ರೆಕ್ಕೆ ಮೊದಲು ಕುಸಿದು ವಿಮಾನ ಬುಗುರಿಯಂತೆ ಸುತ್ತುತ್ತಾ ನೆಲಕ್ಕೆ ಬೀಳುತ್ತದೆ. ಆ ಕಾಲದ ವಿಮಾನ ಅಪಘಾತಗಳಲ್ಲಿ ಬಹಳಷ್ಟು ಈ ಬಗೆಯವು. ಮಿನ್ಯೆ ಹೇಳಿದ್ದು ಇಷ್ಟೇ: ಸ್ಟಾಲ್ ಆಗದ, ಬುಗುರಿ ತಿರುಗದ, ಪೆಡಲೇ ಇಲ್ಲದ ವಿಮಾನ ಮಾಡೋಣ. ಈ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಅವನು ಮಾಡಿದ ಯಂತ್ರವನ್ನು ನೋಡಿದರೆ ಮೊದಲು ನಗು ಬರುತ್ತದೆ. ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರಿನಲ್ಲಿ ಓಲ್ಡ್ ವಾರ್ಡನ್ ಎಂಬ ಹಳ್ಳಿಯಲ್ಲಿ ಷಟಲ್‌ವರ್ತ್ ಸಂಗ್ರಹವೆಂಬ ಹಳೆಯ ವಿಮಾನಗಳ ವಸ್ತುಶಾಲೆಯಿದೆ. ಅಲ್ಲಿ ಒಂದು ಚಿಗಟವಿದೆ. ಅದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ನಮ್ಮ ತೊಟ್ಟಿಲಿಗೆ ಚಕ್ರ ಕಟ್ಟಿದ ಹಾಗಿದೆ ಮೈ. ಎತ್ತಿದರೆ ಇಬ್ಬರು ಆಳು ಎತ್ತಿಬಿಡಬಹುದೇನೋ ಎನ್ನಿಸುತ್ತದೆ. ಮೂಲ ಯಂತ್ರದ ಖಾಲಿ ತೂಕ ಸುಮಾರು ೧೦೦ ಕಿಲೋಗ್ರಾಂ ಎಂದರೆ ನಂಬಬೇಕು. ಕೂರುವವನ ತಲೆಯ ಮೇಲೆ, ಕೊಳವೆಗಳ ಆಧಾರದಲ್ಲಿ, ಒಂದು ರೆಕ್ಕೆ. ಬೆನ್ನ ಹಿಂದೆ, ಸ್ವಲ್ಪ ಕೆಳಗೆ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ರೆಕ್ಕೆ. ಬಾಲವೆಂಬುದು ಇಲ್ಲವೇ ಇಲ್ಲ. ಹಿಂಬದಿಯಲ್ಲಿ ಬಾಗಿಲಿನಂಥ ಒಂದು ದೊಡ್ಡ ಚುಕ್ಕಾಣಿ ಮಾತ್ರ. ಎರಡು ಚಪ್ಪರಗಳ ನಡುವೆ ಸಿಕ್ಕಿಹಾಕಿಕೊಂಡ ಪೆಟ್ಟಿಗೆ!

ಆದರೆ ಅದರ ಒಳಗಿನ ಬುದ್ಧಿ ನಗುವಂಥದ್ದಲ್ಲ. ಮುಂದಿನ ರೆಕ್ಕೆ ಕೀಲಿನ ಮೇಲೆ ಕೂತಿದೆ. ಕೋಲನ್ನು ಎಳೆದರೆ ತಂತಿಗಳು ಅದರ ಹಿಂದಿನ ಅಂಚನ್ನು ಕೆಳಕ್ಕೆಳೆಯುತ್ತವೆ, ರೆಕ್ಕೆಯ ಓರೆ ಹೆಚ್ಚುತ್ತದೆ, ವಿಮಾನ ಏರುತ್ತದೆ. ಸಡಿಲಿಸಿದರೆ ಇಳಿಯುತ್ತದೆ. ಅಂದರೆ ಬಾಲವನ್ನು ಆಡಿಸಿ ರೆಕ್ಕೆಯನ್ನು ಓರೆ ಮಾಡುವ ಬದಲು ನೇರವಾಗಿ ರೆಕ್ಕೆಯನ್ನೇ ಓರೆ ಮಾಡುವುದು. ಅದೇ ಕೋಲನ್ನು ಪಕ್ಕಕ್ಕೆ ಒತ್ತಿದರೆ ಚುಕ್ಕಾಣಿ ತಿರುಗುತ್ತದೆ. ರೆಕ್ಕೆಗಳ ತುದಿಗಳು ಮೇಲಕ್ಕೆ ಬಾಗಿರುವುದರಿಂದ ಯಂತ್ರ ತಿರುಗುತ್ತಿರುವಾಗ ತಾನಾಗಿಯೇ ಬೇಕಾದಷ್ಟು ವಾಲಿಕೊಳ್ಳುತ್ತದೆ. ಕಾಲಿಗೆ ಕೆಲಸವಿಲ್ಲ, ಒಂದೇ ಕೈ ಸಾಕು. ಇನ್ನೊಂದು ಗುಟ್ಟು ಎರಡು ರೆಕ್ಕೆಗಳ ನಡುವಿನ ಸಂದಿನಲ್ಲಿತ್ತು. ರೆಕ್ಕೆಯ ಮುಂಭಾಗದಲ್ಲಿ ಒಂದು ಕಿರಿದಾದ ಸೀಳು ಬಿಟ್ಟರೆ ಅದರ ಮೂಲಕ ರಭಸದಿಂದ ನುಗ್ಗುವ ಗಾಳಿ ಹಿಂದಿನ ಭಾಗದ ಮೇಲಿನ ಪ್ರವಾಹವನ್ನು ಚೆದರಗೊಡುವುದಿಲ್ಲ, ಸ್ಟಾಲ್ ತಡವಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಮೊದಲಾದವರು ಆ ಹೊತ್ತಿಗಾಗಲೇ ತೋರಿಸಿದ್ದರು. ಮಿನ್ಯೆ ತನ್ನ ಎರಡು ರೆಕ್ಕೆಗಳನ್ನೂ ಹತ್ತಿರ ತಂದು, ಅವುಗಳ ನಡುವಿನ ಸಂದನ್ನೇ ಅಂಥ ಸೀಳಾಗಿ ಮಾಡಿಕೊಂಡನು. ಆ ಸೀಳೇ ಮುಂದೆ ಯಮನ ಬಾಗಿಲಾಯಿತು. ಅದಕ್ಕೆ ಬರುತ್ತೇನೆ.

ಯಂತ್ರವನ್ನು ಕಟ್ಟಿದ್ದು ಕಾರ್ಖಾನೆಯಲ್ಲಲ್ಲ. ಪ್ಯಾರಿಸ್ಸಿನ ಈಶಾನ್ಯಕ್ಕಿರುವ ಸ್ವಾಸೋಂ ಪಟ್ಟಣದ ಬಳಿಯ ಒಂದು ತೋಪಿನ ಅಂಚಿನಲ್ಲಿ, ಡೇರೆ ಹಾಕಿಕೊಂಡು, ಹೆಂಡತಿ ಆನೆತ್ ಜೊತೆಯಲ್ಲಿ ಆತ ಪ್ರಯೋಗಗಳನ್ನು ನಡೆಸಿದನು. ಎಂಜಿನ್ನು ಮೋಟರು ಸೈಕಲ್ಲಿನ ಜಾತಿಯದು, ಓಬಿಯೆ ದ್ಯೂನ್ ಕಂಪನಿಯದು, ೫೪೦ ಸಿ.ಸಿ., ಶಕ್ತಿ ೧೭ ಅಶ್ವಬಲ. ಇಂದು ನಮ್ಮ ಬೀದಿಗಳಲ್ಲಿ ಕಾಲೇಜು ಹುಡುಗರು ಓಡಿಸುವ ಬೈಕುಗಳಲ್ಲಿ ಅಷ್ಟು ಬಲ ಇರುತ್ತದೆ. ೧೯೩೩ರ ಸೆಪ್ಟೆಂಬರ್ ೧೦ರಂದು ಹೇನು ನೆಲ ಬಿಟ್ಟಿತು.

ಮರುವರ್ಷ, ೧೯೩೪ರ ನವೆಂಬರಿನಲ್ಲಿ, ಮಿನ್ಯೆ ಒಂದು ಪುಸ್ತಕ ಪ್ರಕಟಿಸಿದನು. ಹೆಸರು ‘ಲ ಸ್ಪೋರ್ ದ ಲೇರ್’, ಗಾಳಿಯ ಕ್ರೀಡೆ. ಯಾವ ಮರ ಕೊಳ್ಳಬೇಕು, ತೆಳು ಪ್ಲೈವುಡ್ಡನ್ನು ಹೇಗೆ ಕೊಯ್ಯಬೇಕು, ಹಾಲಿನಿಂದ ತೆಗೆದ ಕೇಸೀನ್ ಅಂಟನ್ನು ಹೇಗೆ ಹಚ್ಚಬೇಕು, ಬಟ್ಟೆಯನ್ನು ಹೇಗೆ ಬಿಗಿದು ಬಣ್ಣ ಕುಡಿಸಬೇಕು, ಕೊನೆಗೆ ಹೇಗೆ ಹಾರಬೇಕು, ಎಲ್ಲವೂ ಅದರಲ್ಲಿ ಇತ್ತು, ಅವನೇ ಕೈಯಿಂದ ಬರೆದ ಚಿತ್ರಗಳ ಸಹಿತ. ಸರಕು ತುಂಬುವ ಮರದ ಪೆಟ್ಟಿಗೆಯನ್ನು ಮೊಳೆ ಹೊಡೆದು ಕೂಡಿಸಬಲ್ಲವನು ಈ ವಿಮಾನವನ್ನು ಕಟ್ಟಬಲ್ಲ ಎಂಬುದು ಅವನ ವಾದ. ಶಾಸ್ತ್ರವನ್ನು ಇಷ್ಟು ಸಲಿಗೆಯಿಂದ, ನೆರೆಮನೆಯವನು ಬೇಲಿಯ ಆಚೆಯಿಂದ ಮಾತನಾಡಿಸುವಂತೆ ಬರೆದ ಗ್ರಂಥಗಳು ಕಡಿಮೆ. ಮೊದಲ ಮುದ್ರಣದ ಆರು ಸಾವಿರ ಪ್ರತಿಗಳು ತಿಂಗಳೊಪ್ಪತ್ತಿನಲ್ಲಿ ಖರ್ಚಾದವು. ೧೯೩೫ರಲ್ಲಿ ಬ್ರಿಟಿಷ್ ಏರ್ ಲೀಗಿನವರು ಇಂಗ್ಲಿಷ್ ಅನುವಾದ ತಂದರು, ಅದೂ ಹಾಗೆಯೇ ಬಿಸಿ ದೋಸೆಯಂತೆ ಹೋಯಿತು.

ಇಂಗ್ಲೆಂಡಿನಲ್ಲಿ ಆ ವರ್ಷ ಹಿಡಿದದ್ದನ್ನು ಉತ್ಸಾಹ ಎನ್ನುವುದಕ್ಕಿಂತ ಜ್ವರ ಎನ್ನುವುದು ಸರಿ. ಮೋಟರು ಶೆಡ್ಡುಗಳಲ್ಲಿ, ಅಟ್ಟಗಳಲ್ಲಿ, ಮಲಗುವ ಕೋಣೆಗಳಲ್ಲಿ ಕೂಡ ರೆಕ್ಕೆಗಳು ಎದ್ದವು. ಖರ್ಚು ಎಂಜಿನ್ನೂ ಸೇರಿ ನೂರು ಪೌಂಡಿನೊಳಗೆ ಮುಗಿಯುತ್ತದೆ ಎಂದು ಹೇಳುತ್ತಿದ್ದರು. ಏರ್ ಲೀಗಿನ ಕಾರ್ಯದರ್ಶಿ ಏರ್ ಕಮಡೋರ್ ಷಾಮಿಯೇ ಇದರ ಪ್ರಚಾರಕ್ಕೆ ನಿಂತನು. ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆ ಕೈಗೂಡಿಸಿತು. ಆಗಸ್ಟಿನಲ್ಲಿ ಮಿನ್ಯೆ ಸ್ವತಃ ತನ್ನ ಹೇನನ್ನೇರಿ ಇಂಗ್ಲಿಷ್ ಕಾಲುವೆಯನ್ನು ದಾಟಿ ಬಂದನು. ಊರೂರಿನಲ್ಲಿ ಜನ ಮುತ್ತಿಕೊಂಡರು. ಸರ್ಕಾರಕ್ಕೆ ಪೀಕಲಾಟ. ದೊಡ್ಡ ವಿಮಾನಗಳಿಗೆ ಕೊಡುವ ಯೋಗ್ಯತಾಪತ್ರವನ್ನು ಇಂಥ ಮನೆಗೆಲಸಕ್ಕೆ ಕೊಡುವಂತಿಲ್ಲ, ಬೇಡವೆನ್ನುವುದಕ್ಕೆ ಧೈರ್ಯವಿಲ್ಲ. ಕೊನೆಗೆ ಹಾರಲು ಅನುಮತಿ ಎಂಬ ಹೊಸ ಬಗೆಯ ಒಂದು ಕಾಗದವನ್ನು ಸೃಷ್ಟಿಸಿದರು. ಮೊದಲನೆಯ ನಂಬರಿನ ಕಾಗದ ೧೯೩೫ರ ಜುಲೈಯಲ್ಲಿ ಸ್ಟೀಫನ್ ಆಪಲ್‌ಬಿ ಎಂಬ ತರುಣನಿಗೆ ಸಿಕ್ಕಿತು. ಅದು ಕೈಗೆ ಬಂದ ವಾರದೊಳಗೆ ಅವನು ವಿಮಾನವನ್ನು ಹೊಲದಲ್ಲಿ ಮಗುಚಿ ಹಾಕಿದನು! ಪೆಟ್ಟೇನೂ ಹೆಚ್ಚಾಗಲಿಲ್ಲ. ಬೇನ್ಸ್ ಎಂಬ ನುರಿತ ವಿನ್ಯಾಸಕನ ನೆರವಿನಿಂದ ಅದನ್ನು ತಿದ್ದಿ ಕಟ್ಟಿ, ಡಿಸೆಂಬರಿನಲ್ಲಿ ಕಾಲುವೆಯನ್ನು ದಾಟಿ ಫ್ರಾನ್ಸಿಗೆ ಹಾರಿದನು. ಅವನ ಎಂಜಿನ್ನು ಫೋರ್ಡ್ ಕಾರಿನದನ್ನು ಮಾರ್ಪಡಿಸಿ ಮಾಡಿದ್ದು, ಮಿನ್ಯೆಯದಕ್ಕಿಂತ ಭಾರ, ಬಲವೂ ಹೆಚ್ಚು. ಈ ವಿವರವನ್ನು ವಾಚಕರು ನೆನಪಿನಲ್ಲಿಡಬೇಕು.

ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ಚಿಗಟಗಳು ಸರ್ಕಾರಿ ಪುಸ್ತಕದಲ್ಲಿ ದಾಖಲಾದವು. ದಾಖಲಾಗದೆ ಶೆಡ್ಡುಗಳಲ್ಲೇ ಉಳಿದವು ಬೇರೆ.

೧೯೩೬ರ ಏಪ್ರಿಲ್ ತಿಂಗಳಲ್ಲಿ ಕೆಂಟ್ ಪ್ರಾಂತದ ಪೆನ್ಸ್‌ಹರ್ಸ್ಟ್‌ನಲ್ಲಿ ಒಂದು ಚಿಗಟ ಆಕಾಶದಿಂದ ನೇರ ನೆಲಕ್ಕೆ ಧುಮುಕಿತು. ಅದನ್ನು ಪರೀಕ್ಷಿಸುತ್ತಿದ್ದ ವಾಯುಪಡೆಯ ಅನುಭವಿ ಚಾಲಕ ಸತ್ತನು. ಮೇ ತಿಂಗಳಲ್ಲಿ ಡಿಗ್ಬಿಯಲ್ಲಿ ಮತ್ತೊಬ್ಬ ವಾಯುಪಡೆಯ ಅಧಿಕಾರಿ ಅದೇ ರೀತಿ ಸತ್ತನು. ಅದೇ ವರ್ಷ ಸ್ಕಾಟ್ಲೆಂಡಿನ ಡೈಸ್‌ನಲ್ಲಿ ಇನ್ನೊಂದು ಸಾವು. ಫ್ರಾನ್ಸಿನಲ್ಲೂ ಇಂಥ ಸಾವುಗಳು ನಡೆದವು. ಮೊದಮೊದಲು ಕೊಟ್ಟ ಸಮಾಧಾನಗಳು ಎಲ್ಲ ಕಾಲದಲ್ಲೂ ಕೊಡುವಂಥವೇ: ಕಟ್ಟಿದವನು ನಕ್ಷೆಯಂತೆ ಕಟ್ಟಿರಲಿಲ್ಲ, ಭಾರ ಸರಿಯಾಗಿ ಕೂತಿರಲಿಲ್ಲ, ತಂತಿ ಸಡಿಲವಿತ್ತು. ಕೆಲವೆಡೆ ಅದು ನಿಜವೂ ಆಗಿತ್ತು. ಆದರೆ ಎಲ್ಲ ಸಾವುಗಳಿಗೂ ಒಂದೇ ಮುಖವಿತ್ತು. ಸ್ವಲ್ಪ ಮೂತಿ ಬಗ್ಗಿಸಿ ಇಳಿಯತೊಡಗಿದ ಯಂತ್ರ ಮತ್ತೆ ತಲೆ ಎತ್ತುತ್ತಿರಲಿಲ್ಲ. ಇಳಿತ ಕಡಿದಾಗುತ್ತ ಆಗುತ್ತ ನೆಲ ಬಂದುಬಿಡುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ, ಹೊಸಬರಿಗಾಗಿ ಮಾಡಿದ ಈ ವಿಮಾನದಲ್ಲಿ ಸತ್ತವರೊಳಗೆ ನುರಿತವರೂ ಇದ್ದರು.

ಕೊನೆಗೆ ಫಾರ್ನ್‌ಬರೋದ ಸರ್ಕಾರಿ ಸಂಶೋಧನಾಲಯದವರು ಒಂದು ಇಡೀ ಚಿಗಟವನ್ನೇ ತಂದು, ೨೪ ಅಡಿ ಅಗಲದ ತಮ್ಮ ಗಾಳಿಸುರಂಗದಲ್ಲಿ ನಿಲ್ಲಿಸಿ, ಬಿರುಗಾಳಿ ಬೀಸಿಸಿ ಅಳೆದರು. ಪ್ಯಾರಿಸ್ಸಿನ ಬಳಿಯ ಷಾಲೆ ಮ್ಯೂದೋಂ ಸುರಂಗದಲ್ಲಿ ಫ್ರೆಂಚರೂ ಅಳೆದರು. ಉತ್ತರ ಸ್ಪಷ್ಟವಾಗಿತ್ತು. ವಿಮಾನದ ಮೂತಿ ಗಾಳಿಯ ದಿಕ್ಕಿಗಿಂತ ೧೫ ಡಿಗ್ರಿಗೂ ಹೆಚ್ಚು ಕೆಳಗೆ ಬಾಗಿದರೆ, ಕೋಲನ್ನು ಹೊಟ್ಟೆಯ ತನಕ ಎಳೆದರೂ ಅದನ್ನು ಮೇಲೆತ್ತುವಷ್ಟು ಬಲ ಹುಟ್ಟುತ್ತಿರಲಿಲ್ಲ.

ಏಕೆ? ಅಪರಾಧಿ ಆ ಸಂದು. ಕೋಲನ್ನು ಎಳೆದಾಗ ಮುಂದಿನ ರೆಕ್ಕೆಯ ಹಿಂದಂಚು ಕೆಳಕ್ಕೆ ಬರುತ್ತದೆ ಎಂದೆನಷ್ಟೆ. ಆಗ ಅದು ಹಿಂದಿನ ರೆಕ್ಕೆಯ ಮುಂದಂಚಿಗೆ ತೀರ ಹತ್ತಿರವಾಗುತ್ತದೆ. ಸಂದು ಕಿರಿದಾದಷ್ಟೂ ಅಲ್ಲಿ ನುಗ್ಗುವ ಗಾಳಿಯ ರಭಸ ಹೆಚ್ಚು. ನಲ್ಲಿಯ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ಚಿಮ್ಮುವುದನ್ನು ಎಲ್ಲರೂ ಕಂಡಿದ್ದೇವೆ. ಆ ರಭಸದಿಂದ ಹಿಂದಿನ ರೆಕ್ಕೆಗೆ ಎತ್ತುವ ಬಲ ಹೆಚ್ಚುತ್ತದೆ. ಹಿಂದಿನ ರೆಕ್ಕೆ ಮೇಲೆದ್ದರೆ ಮೂತಿ ಇನ್ನಷ್ಟು ಕೆಳಕ್ಕೆ. ಗಾಬರಿಯಾದ ಚಾಲಕ ಕೋಲನ್ನು ಇನ್ನೂ ಎಳೆಯುತ್ತಾನೆ. ಸಂದು ಇನ್ನೂ ಕಿರಿದು, ಮೂತಿ ಇನ್ನೂ ಕೆಳಗೆ. ಧುಮುಕುವ ವಿಮಾನದಲ್ಲಿ ಕೋಲನ್ನು ಎಳೆಯುವುದು ಚಾಲಕನ ಕೈಗೆ ರಕ್ತಗತವಾಗಿ ಬಂದ ಪಾಠ. ನುರಿತವನಾದಷ್ಟೂ ಬೇಗ ಎಳೆಯುತ್ತಾನೆ. ಸ್ಟಾಲಿನಿಂದ ಕಾಪಾಡಲೆಂದು ಇಟ್ಟ ಸೀಳು ಇಳಿತದಲ್ಲಿ ಕತ್ತು ಹಿಸುಕುತ್ತಿತ್ತು.

ಹಾಗಾದರೆ ಮಿನ್ಯೆ ತಾನೇಕೆ ಸಾಯಲಿಲ್ಲ? ಅವನ ಯಂತ್ರ ಹಗುರ, ಎಂಜಿನ್ನು ದುರ್ಬಲ, ಹಾರಾಟ ನಿಧಾನ. ಯಂತ್ರ ಹೇಗೆ ಹಾರಲಿಚ್ಛಿಸುತ್ತದೋ ಹಾಗೆ ಹಾರಿಸುವುದು ಅವನ ಅಭ್ಯಾಸ. ಆ ೧೫ ಡಿಗ್ರಿಯ ಗೆರೆಯ ಆಚೆಗೆ ಅವನು ಎಂದೂ ಹೋಗಲಿಲ್ಲ. ಗೆರೆ ಇದೆಯೆಂದು ಅವನಿಗೆ ಗೊತ್ತಿದ್ದರಿಂದ ಅಲ್ಲ, ಹೋಗುವ ಪ್ರಸಂಗ ಬರಲಿಲ್ಲ. ಆಂಗ್ಲರು ಭಾರದ ಕಾರು ಎಂಜಿನ್ನು ಕೂಡಿಸಿದರು, ಮೂತಿಯ ತೂಕ ಹೆಚ್ಚಿತು, ವೇಗವೂ ಹೆಚ್ಚಿತು. ಬಂದ ಜನಕ್ಕೆ ತೋರಿಸಲೆಂದು ಧುಮುಕಿ ಏಳುವ ಆಟ ಆಡಿದವರೂ ಉಂಟು.

ಇಲ್ಲಿ ತಪ್ಪು ಯಾರದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಮಿನ್ಯೆ ಮೋಸಗಾರನಲ್ಲ. ತಾನು ಏರದ ಯಂತ್ರವನ್ನು ಬೇರೆಯವರಿಗೆ ಏರಿಸಲಿಲ್ಲ, ನಕ್ಷೆಯನ್ನು ಬೀಗ ಹಾಕಿ ಮಾರಲಿಲ್ಲ, ಎಲ್ಲವನ್ನೂ ಪುಸ್ತಕದ ಬೆಲೆಗೆ ಲೋಕಕ್ಕೆ ಕೊಟ್ಟುಬಿಟ್ಟನು. ಸ್ಟಾಲ್ ಮತ್ತು ಬುಗುರಿಯ ವಿಷಯದಲ್ಲಿ ಅವನ ವಾದ ಸರಿಯೇ ಆಗಿತ್ತು, ಗಾಳಿಸುರಂಗ ಅದನ್ನು ಸುಳ್ಳು ಮಾಡಲಿಲ್ಲ. ಆದರೆ ಪಂಡಿತರ ಮೇಲಿನ ಸಿಟ್ಟಿನಲ್ಲಿ ಪಂಡಿತರ ಅಳತೆಗೋಲನ್ನೂ ಆತ ತಿರಸ್ಕರಿಸಿದನು. ಒಬ್ಬನ ಅನುಭವ, ಒಂದು ಯಂತ್ರ, ಒಂದು ಬಯಲು, ಇಷ್ಟನ್ನೇ ಸಾವಿರಾರು ಜನರಿಗೆ ಪ್ರಮಾಣವೆಂದು ಹೇಳಿದನು. ನಮ್ಮಲ್ಲಿ ಅಜ್ಜಿಯ ಮನೆಮದ್ದು ಅಜ್ಜಿಯ ಕೈಯಲ್ಲಿರುವ ತನಕ ಮದ್ದೇ. ಅದರ ಅಳತೆ ಅವಳ ಚಿಟಿಕೆಯಲ್ಲಿದೆ. ಅಚ್ಚು ಹಾಕಿಸಿ ಹಂಚಿದಾಗ ಆ ಚಿಟಿಕೆ ಕಾಗದದ ಮೇಲೆ ಬರುವುದಿಲ್ಲ. ಮಿನ್ಯೆಯ ಪುಸ್ತಕದಲ್ಲಿ ಹಾಗೆ ಬಾರದೆ ಉಳಿದದ್ದು ಅವನ ಸಂಯಮ.

ಆದರೆ ಅವನೊಬ್ಬನ ಮೇಲೆ ಹೊರೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಗಾಳಿಸುರಂಗ ೧೯೩೫ರಲ್ಲೂ ಫಾರ್ನ್‌ಬರೋದಲ್ಲೇ ಇತ್ತು. ಹಾರಲು ಅನುಮತಿಯ ಕಾಗದಗಳನ್ನು ಹಂಚಿದ ಕೈಗಳು ಮೊದಲ ಚಿಗಟವನ್ನೇ ಸುರಂಗದೊಳಕ್ಕೆ ತಳ್ಳಬಹುದಾಗಿತ್ತು. ಸತ್ತ ಮೇಲೆ ತಳ್ಳಿದರು. ಪತ್ರಿಕೆಗಳು ಮೊದಲು ಚಿಗಟವನ್ನು ಹೆಗಲ ಮೇಲೆ ಹೊತ್ತು ಕುಣಿದವು, ಅನಂತರ ಅಷ್ಟೇ ಉತ್ಸಾಹದಿಂದ ಅದನ್ನು ಕೊಲೆಗಡುಕ ಯಂತ್ರವೆಂದು ಜರೆದವು. ಇದರ ನಡುವೆ, ೧೯೩೬ರ ಆಗಸ್ಟ್ ೩ರಂದು, ರಾಮ್ಸ್‌ಗೇಟ್ ಪಟ್ಟಣದಲ್ಲಿ ಚಿಗಟಗಳ ಅಂತರರಾಷ್ಟ್ರೀಯ ಪಂದ್ಯವೂ ನಡೆಯಿತು ಎಂದರೆ ಆ ಕಾಲದ ಜ್ವರ ಎಷ್ಟೆಂದು ತಿಳಿಯಬಹುದು. ಫ್ರಾನ್ಸಿನ ಎಡ್ವಾರ್ ಬ್ರೆ ಎಂಬವನು ಗೆದ್ದನು. ಆ ಹೊತ್ತಿಗೆ ಹೊಸ ಅನುಮತಿಗಳಿಗೆ ಬಾಗಿಲು ಮುಚ್ಚುತ್ತ ಬಂದಿತ್ತು. ಇದ್ದ ಅನುಮತಿಗಳೂ ಒಂದೊಂದಾಗಿ ಮುಗಿದು, ೧೯೩೯ರ ವೇಳೆಗೆ ಬ್ರಿಟನ್ನಿನ ಆಕಾಶದಲ್ಲಿ ಚಿಗಟಗಳು ಇಲ್ಲವಾದವು.

ತಿದ್ದುವುದು ಅಷ್ಟೇನೂ ಕಷ್ಟವಿರಲಿಲ್ಲ ಎಂಬುದೇ ಈ ಕಥೆಯಲ್ಲಿ ಹೊಟ್ಟೆ ಉರಿಸುವ ಸಂಗತಿ. ಎರಡು ರೆಕ್ಕೆಗಳ ನಡುವೆ ಅಂತರ ಹೆಚ್ಚಿಸಬೇಕು, ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನು ಬದಲಿಸಬೇಕು, ಭಾರಕೇಂದ್ರವನ್ನು ಸರಿಯಾದ ಎಡೆಯಲ್ಲಿ ಕಾಯ್ದುಕೊಳ್ಳಬೇಕು. ಮಿನ್ಯೆ ಸುರಂಗದ ಫಲಿತಾಂಶಗಳನ್ನು ನೋಡಿ ಮುಖ ತಿರುಗಿಸಿಕೊಳ್ಳಲಿಲ್ಲ, ತಿದ್ದಿದನು. ಮುಂದಿನ ಅವನ ಹೇನುಗಳಿಗೆ ಆ ರೋಗ ಇರಲಿಲ್ಲ. ಆದರೆ ಹೆಸರು ಕೆಟ್ಟಿತ್ತು. ೧೯೩೭ರಲ್ಲಿ ಅಮೆರಿಕಕ್ಕೆ ಹೋಗಿ ಅದೃಷ್ಟ ಪರೀಕ್ಷೆ ಮಾಡಿದನು. ಯುದ್ಧದ ಅನಂತರ ಅರ್ಜೆಂಟೀನ, ಬ್ರೆಜಿಲ್, ಜಪಾನ್, ಮೊರಾಕ್ಕೊ ಎಂದು ತಿರುಗಿದನು. ಕರೆದವರ ಊರಿನಲ್ಲಿ ಹೊಸದೊಂದು ಹೇನು ಕಟ್ಟುವುದು, ಕಾರ್ಖಾನೆಯ ಮಾತು ಅರ್ಧಕ್ಕೆ ನಿಲ್ಲುವುದು, ಮತ್ತೆ ಪೆಟ್ಟಿಗೆ ಕಟ್ಟುವುದು. ಊರೂರು ಸುತ್ತುವ ಬಯಲಾಟದ ಭಾಗವತನ ಬಾಳು. ಕೊನೆಗೆ ಫ್ರಾನ್ಸಿಗೆ ಮರಳಿ ೧೯೬೫ರಲ್ಲಿ ತೀರಿಕೊಂಡನು. ಐಶ್ವರ್ಯವನ್ನೇನೂ ಬಿಟ್ಟುಹೋಗಲಿಲ್ಲ.

ಇಂದು ಮನೆಯಲ್ಲಿ ವಿಮಾನ ಕಟ್ಟುವುದು ಅಮೆರಿಕದಲ್ಲೂ ಯುರೋಪಿನಲ್ಲೂ ದೊಡ್ಡ ಹವ್ಯಾಸ. ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ ಎಂಬವನು ೧೯೫೩ರಲ್ಲಿ ಸ್ಥಾಪಿಸಿದ ಪ್ರಯೋಗ ವಿಮಾನಗಳ ಸಂಘ ಬೃಹತ್ತಾಗಿ ಬೆಳೆದಿದೆ. ಬ್ರಿಟನ್ನಿನಲ್ಲಿ ಮನೆಯ ವಿಮಾನಗಳು ಹಾರುವುದು ಇವತ್ತಿಗೂ ‘ಹಾರಲು ಅನುಮತಿ’ ಎಂಬ ಕಾಗದದ ಮೇಲೆಯೇ. ಈಗ ಅದನ್ನು ಕೊಡುವ ಮುಂಚೆ ಕಟ್ಟುವ ಹಂತಹಂತದಲ್ಲೂ ಬಲ್ಲವರು ಬಂದು ನೋಡುತ್ತಾರೆ, ಲೆಕ್ಕ ಕೇಳುತ್ತಾರೆ. ಓಲ್ಡ್ ವಾರ್ಡನ್ನಿನ ಚಿಗಟ ಮಾತ್ರ ಹಾರುವುದಿಲ್ಲ, ೧೯೩೬ರ ಮಾದರಿ ಅದು.

ಫ್ರಾನ್ಸಿನಲ್ಲಿ ಹೇನಿನ ವಂಶ ಅಳಿಯಲಿಲ್ಲ. ಎಮಿಲಿಯೆಂ ಕ್ರೋಸೆಸ್ ಮೊದಲಾದವರು ಅದೇ ಎರಡು ರೆಕ್ಕೆಯ, ಪೆಡಲಿಲ್ಲದ ಸೂತ್ರದ ಮೇಲೆ ಒಳ್ಳೆಯ ವಿಮಾನಗಳನ್ನು ಕಟ್ಟಿದರು. ಮಿನ್ಯೆಯ ಮನೆತನದವರು ಅದೇ ಸೂತ್ರದ ಮೇಲೆ ‘ಬಾಲೆರಿ’ ಎಂಬ ಇಬ್ಬರು ಕೂರುವ ಹಗುರ ವಿಮಾನವನ್ನು ತಂದರು. ರೆಕ್ಕೆಗಳನ್ನು ಮಡಿಸಿ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಮನೆಗೆ ಒಯ್ಯಬಹುದು. ಯಾವ ಸರ್ಕಾರಿ ಪಂಡಿತರ ಜೊತೆ ಮಿನ್ಯೆ ಜನ್ಮವಿಡೀ ಜಗಳವಾಡಿದನೋ ಅವರ ಕಡೆಯಿಂದಲೇ ಅದಕ್ಕೆ ಗಿರಾಕಿಯೂ ಬಂತು: ಕೆಲವು ಬಾಲೆರಿಗಳನ್ನು ಫ್ರೆಂಚ್ ಸೇನೆಯೇ ಕೊಂಡುಕೊಂಡಿತು.